ಹಿಂಡನ್–ಹುಬ್ಬಳ್ಳಿ: ದೂರವೆಷ್ಟು, ಹೊತ್ತೆಷ್ಟು?

ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಬಂದು ರೋಹಿಣಿಯಲ್ಲಿ ನೆಲೆಸಿದ ಕುಟುಂಬಗಳಿಗೆ ಊರಿನ ದಾರಿ ಬಹುಕಾಲ ರೈಲಿನದೇ ಆಗಿತ್ತು. ಕರ್ನಾಟಕ ಸಂಪರ್ಕ ಕ್ರಾಂತಿಯಲ್ಲಿ ಕುಳಿತರೆ ಒಂದೂವರೆ ದಿನ. ಹಬ್ಬಕ್ಕೆ ಹೊರಟವರಿಗೆ ಅದು ಹಿತವೇ. ಹಿರಿಯರು ಆಸ್ಪತ್ರೆಗೆ ಸೇರಿದರೆಂಬ ಸುದ್ದಿ ಬಂದ ರಾತ್ರಿ ಅದು ಮುಗಿಯದ ದಾರಿ. ಅಂಥ ಹೊತ್ತಿನಲ್ಲಿ ಉಪಯೋಗಕ್ಕೆ ಬರಲೆಂದು ವಿಮಾನಯಾನದ ಲೆಕ್ಕವನ್ನು ನಾವು ಇಲ್ಲಿ ನೀಡಿದ್ದೇವೆ.

ಎರಡು ನಿಲ್ದಾಣಗಳು

ಹಿಂಡನ್, ಗಾಜಿಯಾಬಾದಿನ ವಾಯುಪಡೆ ನೆಲೆ. ಅಲ್ಲಿನ ನಾಗರಿಕ ಟರ್ಮಿನಲ್ 2019ರ ಮಾರ್ಚ್ 8ರಂದು ಉದ್ಘಾಟನೆಗೊಂಡಿತು. ಮೆಟ್ರೊದ ಕೆಂಪು ಮಾರ್ಗ ದಿಲ್ಷಾದ್ ಗಾರ್ಡನ್‌ನಿಂದ ಗಾಜಿಯಾಬಾದಿನ ಶಹೀದ್ ಸ್ಥಳದವರೆಗೆ ವಿಸ್ತರಣೆಗೊಂಡು ಉದ್ಘಾಟನೆಯಾದದ್ದೂ ಅದೇ ದಿನ. ಹೀಗಾಗಿ ರೋಹಿಣಿಯವರು ಮೆಟ್ರೊ ಬದಲಿಸದೆ ಗಾಜಿಯಾಬಾದ್ ತಲುಪಿ, ಅಲ್ಲಿಂದ ಆಟೋ ಹಿಡಿಯಬಹುದು. ಇತ್ತ ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣದಲ್ಲಿ ಹೊಸ ಟರ್ಮಿನಲ್ 2017ರ ಡಿಸೆಂಬರಿನಲ್ಲಿ ಆರಂಭವಾಯಿತು.

ಕೇಂದ್ರದ ಉಡಾನ್ ಯೋಜನೆಯಡಿ ಸ್ಟಾರ್ ಏರ್ ಸಂಸ್ಥೆಯು 2019ರ ನವೆಂಬರ್ 6ರಂದು ಈ ಎರಡು ಊರುಗಳ ನಡುವೆ ನೇರ ಸೇವೆ ಆರಂಭಿಸಿತು. ವಿಮಾನ 50 ಆಸನಗಳ ಎಂಬ್ರೇರ್ 145.

ಅಂತರ ಮತ್ತು ಅವಧಿ

ನೇರ ಗೆರೆಯಲ್ಲಿ ಹಿಂಡನ್–ಹುಬ್ಬಳ್ಳಿ ಸುಮಾರು 1,500 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದಲ್ಲಿ ಇದು ಎರಡು ಗಂಟೆಗಿಂತ ಕಡಿಮೆ. ಆದರೆ ವೇಳಾಪಟ್ಟಿಯಲ್ಲಿ ಇದ್ದುದು ಎರಡೂಮುಕ್ಕಾಲು ಗಂಟೆಯ ಆಸುಪಾಸು. ವಿಮಾನ ನಿಂತ ಜಾಗದಿಂದ ಹೊರಟು ಮತ್ತೆ ನಿಲ್ಲುವವರೆಗಿನ ಅವಧಿಯನ್ನು ವೇಳಾಪಟ್ಟಿ ಹೇಳುತ್ತದೆ. ರನ್‌ವೇವರೆಗಿನ ಸಾಗಾಟ, ಏರಿಳಿತ, ವಾಯುಮಾರ್ಗದ ತಿರುವುಗಳು ಎಲ್ಲವೂ ಅದರಲ್ಲಿ ಸೇರಿವೆ.

ಮನೆಯಿಂದ ಮನೆಗೆ ಎಷ್ಟು ಎಂಬುದೇ ನಮಗೆ ಮುಖ್ಯ. ಮೆಟ್ರೊ ಮತ್ತು ಆಟೋಗೆ ಒಂದೂವರೆ ಗಂಟೆ, ನಿಲ್ದಾಣದಲ್ಲಿ ಎರಡು ಗಂಟೆ, ಹಾರಾಟ ಎರಡೂಮುಕ್ಕಾಲು, ಸಾಮಾನು ಪಡೆಯಲು ಅರ್ಧ, ಧಾರವಾಡಕ್ಕೆ ಮುಕ್ಕಾಲು ಗಂಟೆ: ಒಟ್ಟು ಏಳೂವರೆ. ಡಿಸೆಂಬರ್-ಜನವರಿಯ ಮಂಜಿನಲ್ಲಿ ಇನ್ನಷ್ಟು ಅವಕಾಶವಿಟ್ಟುಕೊಳ್ಳುವುದು ಒಳಿತು.

ಗಮನಿಸಬೇಕಾದುದು

ಉಡಾನ್ ಮಾರ್ಗಗಳಿಗೆ ಸರ್ಕಾರದ ನೆರವು ಸಾಮಾನ್ಯವಾಗಿ ಮೂರು ವರ್ಷ ಮಾತ್ರ. ಬಳಿಕ ಮಾರ್ಗವು ಪ್ರಯಾಣಿಕರ ಬಲದ ಮೇಲೆಯೇ ಉಳಿಯಬೇಕು. ಜೊತೆಗೆ ವೇಳಾಪಟ್ಟಿಯು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಂದು ಬದಲಾಗುತ್ತದೆ. ಕಳೆದ ವರ್ಷದ ನೆನಪಿನ ಮೇಲೆ ಹೊರಡದೆ, ಆ ದಿನ ವಿಮಾನವಿದೆಯೇ ಎಂದು ಮೊದಲು ವಿಚಾರಿಸಬೇಕು.

ಬದಲಿ ದಾರಿಗಳೂ ತಿಳಿದಿರಲಿ. ಇಂದಿರಾಗಾಂಧಿ ನಿಲ್ದಾಣದಿಂದ ಹುಬ್ಬಳ್ಳಿಗೆ ಸುಮಾರು 1,480 ಕಿ.ಮೀ.; ಇಂಡಿಗೋ ಈ ನೇರ ಸೇವೆಯನ್ನು 2022ರ ನವೆಂಬರ್ 14ರಂದು ಆರಂಭಿಸಿತು. ಬೆಳಗಾವಿಗೆ ದೆಹಲಿಯಿಂದ ಸುಮಾರು 1,430 ಕಿ.ಮೀ. 2025ರಲ್ಲಿ ಹಿಂಡನ್‌ನಿಂದ ಬೆಂಗಳೂರಿಗೂ ನೇರ ವಿಮಾನಗಳು ಆರಂಭವಾದವು. ಆದರೆ ಬೆಂಗಳೂರಿಗೆ ಹೋಗಿ ಹುಬ್ಬಳ್ಳಿಗೆ ಮರಳುವ ದಾರಿ ನೇರ ದಾರಿಗಿಂತ ಸುಮಾರು 600 ಕಿ.ಮೀ. ಹೆಚ್ಚು, ನಡುವಿನ ಕಾಯುವಿಕೆ ಬೇರೆ.

ಈ ಲೆಕ್ಕವನ್ನು ಬಿಡುವಿದ್ದಾಗಲೇ ಬರೆದಿಟ್ಟುಕೊಂಡರೆ, ದೂರವಾಣಿ ಅವೇಳೆಯಲ್ಲಿ ಮೊಳಗಿದಾಗ ದಾರಿ ಹುಡುಕುವ ಒಂದು ಚಿಂತೆಯಾದರೂ ತಪ್ಪುತ್ತದೆ.