ಏಳು–ಒಂದರ ಬಾಕಿ

ಹೌಜ್ ಖಾಸ್‌ನಲ್ಲಿ ವಾಸವಾಗಿರುವ ನಮಗೆ ಇತಿಹಾಸವೆಂದರೆ ಖಿಲ್ಜಿ ತುಘಲಕರ ಕಥೆ ಎಂದೇ ರೂಢಿಯಾಗಿಬಿಟ್ಟಿದೆ. ಊರಿನಿಂದ ನೆಂಟರಿಷ್ಟರು ಬಂದರೆ ಅಲಾವುದ್ದೀನ್ ಖಿಲ್ಜಿ ತೋಡಿಸಿದ ಕೆರೆಯನ್ನೂ ಅದರ ದಂಡೆಯ ಮೇಲಿನ ಫಿರೋಜ್ ಷಾನ ಮದರಸೆಯನ್ನೂ ತೋರಿಸಿ, ಬರುವ ದಾರಿಯಲ್ಲಿ ಚೋರ್ ಮಿನಾರಿನ ಗೋಡೆಯ ತೂತುಗಳನ್ನು ಮಕ್ಕಳಿಂದ ಎಣಿಸಿ, ಕರ್ತವ್ಯ ಮುಗಿಯಿತೆಂದು ಮನೆಗೆ ಕರೆತರುತ್ತೇವೆ. ಆದರೆ ನಮಗೆ ಪೂರ್ವದಲ್ಲಿ, ಅದೇ ಖಿಲ್ಜಿ ಕಟ್ಟಿಸಿದ ಸಿರಿ ಕೋಟೆಯ ಮಗ್ಗುಲಲ್ಲಿ, ಇನ್ನೊಂದು ಇತಿಹಾಸವುಂಟು. 1982ರ ಏಷ್ಯನ್ ಕ್ರೀಡಾಕೂಟಕ್ಕೆ ಬಂದ ಆಟಗಾರರ ವಸತಿಗಾಗಿ ಕಟ್ಟಿದ ಏಷ್ಯಾಡ್ ಗ್ರಾಮ ಅದು. ಆ ಕೂಟ ದಿಲ್ಲಿಗೆ ಮೇಲುಸೇತುವೆಗಳನ್ನು ಕೊಟ್ಟಿತು; ನೆಹರೂ ಕ್ರೀಡಾಂಗಣವನ್ನು ಕೊಟ್ಟಿತು; ಮನೆಗಳಿಗೆ ಬಣ್ಣದ ಟೆಲಿವಿಷನ್ ತಂದಿತು. ಹಾಕಿಯ ಅಭಿಮಾನಿಗಳಿಗೆ ಮಾತ್ರ ಒಂದು ಗಾಯವನ್ನು ಕೊಟ್ಟು ಹೋಯಿತು. 1982ರ ಡಿಸೆಂಬರ್ 1ರಂದು, ಅಂತಿಮ ಪಂದ್ಯದಲ್ಲಿ ಪಾಕಿಸ್ತಾನ ನಮ್ಮನ್ನು ಏಳು ಗೋಲಿಗೆ ಒಂದರಿಂದ ಸೋಲಿಸಿತು.

ನಾನು ಹುಟ್ಟುವ ಮೊದಲೇ ನಡೆದ ಆಟ ಅದು. ಆದರೂ ಈ ನಗರದಲ್ಲಿ ಅರವತ್ತು ದಾಟಿದ ಯಾರನ್ನಾದರೂ ಹಾಕಿಯ ವಿಷಯ ಕೇಳಿನೋಡಿ. ಎಂಟು ಒಲಿಂಪಿಕ್ ಚಿನ್ನಗಳ ಮಾತು ಆಮೇಲೆ, ಏಳು–ಒಂದರ ಮಾತು ಮೊದಲು. ಅದರ ಹಿಂದೆಯೇ ಪಾಕಿಸ್ತಾನ ತಂಡದ ಮೇಲಿನ ಸಿಟ್ಟು. ಒಂದು ಆಟದ ತಂಡವನ್ನು ಇಷ್ಟು ವರ್ಷ ಇಷ್ಟು ಶ್ರದ್ಧೆಯಿಂದ ದ್ವೇಷಿಸಲು ಹೇಗೆ ಸಾಧ್ಯ? ಇದನ್ನು ತಿಳಿಯಬೇಕಾದರೆ ಏಷ್ಯಾಡನ್ನು ಬಿಟ್ಟು ಸ್ವಲ್ಪ ಹಿಂದಕ್ಕೆ ಹೋಗಬೇಕು.

1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ನಮ್ಮ ತಂಡ ಅಭ್ಯಾಸಪಂದ್ಯದಲ್ಲೇ ಜರ್ಮನಿಗೆ ಸೋತಾಗ, ನಾಯಕ ಧ್ಯಾನ್‌ಚಂದ್ ದಿಗಿಲುಬಿದ್ದು ಸ್ವದೇಶದಿಂದ ಒಬ್ಬ ಆಟಗಾರನನ್ನು ವಿಮಾನದಲ್ಲಿ ಕರೆಸಿಕೊಂಡರು. ಆತನ ಹೆಸರು ಅಲಿ ಇಕ್ತಿದಾರ್ ಷಾ ದಾರಾ. ಆಗಸ್ಟ್ 15ರಂದು ನಡೆದ ಅಂತಿಮ ಪಂದ್ಯದಲ್ಲಿ ಭಾರತ ಜರ್ಮನಿಯನ್ನು 8–1ರಿಂದ ಸೋಲಿಸಿತು. ಹನ್ನೊಂದು ವರ್ಷಗಳ ಬಳಿಕ ಅದೇ ಆಗಸ್ಟ್ ತಿಂಗಳಲ್ಲಿ ದೇಶ ಎರಡಾಯಿತು. 1948ರಲ್ಲಿ ಲಂಡನ್ನಿಗೆ ಹೋದ ಪಾಕಿಸ್ತಾನದ ಮೊದಲ ಒಲಿಂಪಿಕ್ ತಂಡಕ್ಕೆ ನಾಯಕನಾಗಿದ್ದವರು ಆ ದಾರಾ ಅವರೇ. ಅದೇ ಲಂಡನ್ನಿನಲ್ಲಿ ಭಾರತಕ್ಕೆ ಚಿನ್ನ ಗೆದ್ದವರ ಪೈಕಿ ಕೇಶವ ದತ್ತರು ಹುಟ್ಟಿದ್ದು ಲಾಹೋರಿನಲ್ಲಿ. ಇನ್ನೂ ವಿಚಿತ್ರವೆಂದರೆ, ಆ ತಂಡದಲ್ಲಿ ಭಾರತಕ್ಕಾಗಿ ಆಡಿದ ಲತೀಫ್ ಉರ್ ರಹಮಾನ್ ಮತ್ತು ಅಖ್ತರ್ ಹುಸೇನ್ ಇಬ್ಬರೂ ಮುಂದೆ ಗಡಿ ದಾಟಿ, 1956ರಲ್ಲಿ ಮೆಲ್ಬೋರ್ನಿಗೆ ಪಾಕಿಸ್ತಾನದ ಅಂಗಿ ತೊಟ್ಟು ಬಂದರು. ಒಂದೇ ಪೆಟ್ಟಿಗೆಯಲ್ಲಿ ಭಾರತಕ್ಕಾಗಿ ಗೆದ್ದ ಚಿನ್ನ, ಭಾರತದ ಎದುರು ಸೋತು ಪಡೆದ ಬೆಳ್ಳಿ!

ಆದ್ದರಿಂದ ಇದು ಪರಕೀಯರ ಮೇಲಿನ ಹಗೆಯಲ್ಲ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಚೆನ್ನಾದ ಹೆಸರುಂಟು: ದಾಯಾದಿ ಮತ್ಸರ. ಹಿಸ್ಸೆಯಾದ ಮನೆಯಲ್ಲಿ ಅಡ್ಡಗೋಡೆ ಎದ್ದ ಮೇಲೆ, ಆಚೆಯ ಒಲೆಯ ಹೊಗೆ ಈಚೆಯವರ ಕಣ್ಣನ್ನು ಉರಿಸುವಷ್ಟು ಬೇರೆ ಯಾವ ಹೊಗೆಯೂ ಉರಿಸಲಾರದು. ಹಾಕಿ ನಮ್ಮ ಕೂಡುಕುಟುಂಬದ ಆಸ್ತಿಯಾಗಿತ್ತು. ಹೊಲ, ರೈಲು, ಸೈನ್ಯ, ಖಜಾನೆ ಎಲ್ಲವನ್ನೂ ಪಾಲು ಹಾಕಿದವರು ಇದನ್ನು ಮಾತ್ರ ಪಾಲು ಹಾಕಲಾರದೆ ಹೋದರು. ಕಟ್ಟಳೆಯ ವ್ಯಾಜ್ಯ ಒಲಿಂಪಿಕ್ ಮೈದಾನಗಳಲ್ಲಿ ನಡೆಯಿತು. ಮೆಲ್ಬೋರ್ನಿನಲ್ಲಿ 1–0, ತೀರ್ಪು ನಮ್ಮ ಕಡೆ. 1960ರಲ್ಲಿ ರೋಮಿನಲ್ಲಿ ನಸೀರ್ ಎಂಬಾತನ ಒಂದೇ ಗೋಲಿನಿಂದ ತೀರ್ಪು ಅವರ ಕಡೆ. 1928ರಿಂದ ಒಲಿಂಪಿಕ್ಸ್‌ನಲ್ಲಿ ಒಂದು ಪಂದ್ಯವನ್ನೂ ಸೋಲದಿದ್ದ ನಾವು ಅಂದು ಮೊದಲ ಬಾರಿಗೆ ಸೋತೆವು. 1964ರಲ್ಲಿ ಟೋಕಿಯೋದಲ್ಲಿ ಮೊಹಿಂದರ್ ಲಾಲರ ಗೋಲಿನಿಂದ ಮತ್ತೆ ನಮಗೆ 1–0. ಏಷ್ಯನ್ ಕೂಟಗಳಲ್ಲಿ ಮಾತ್ರ ವ್ಯಾಜ್ಯ ಏಕಪಕ್ಷೀಯವಾಗಿ ನಡೆಯಿತೆನ್ನಬೇಕು. 1958ರಿಂದ 1982ರ ವರೆಗೆ ನಡೆದ ಏಳು ಕೂಟಗಳಲ್ಲೂ ಮೊದಲ ಎರಡು ಸ್ಥಾನ ಈ ಇಬ್ಬರಿಗೇ; ಅವುಗಳಲ್ಲಿ ನಾವು ಗೆದ್ದದ್ದು 1966ರ ಬ್ಯಾಂಕಾಕಿನಲ್ಲಿ ಮಾತ್ರ.

ವಿಶ್ವಕಪ್ಪಿನ ಕಥೆಯಂತೂ ಕೇಳುವಂತಿದೆ. ಅದನ್ನು ನಡೆಸಬೇಕೆಂಬ ಯೋಚನೆ ಪಾಕಿಸ್ತಾನದ ನೂರ್ ಖಾನ್ ಅವರದು. ಕಪ್ಪನ್ನು ತಯಾರು ಮಾಡಿದ್ದು ಪಾಕಿಸ್ತಾನದ ಸೈನ್ಯ. ಮೊದಲ ಪಂದ್ಯಾವಳಿ ಅವರ ನೆಲದಲ್ಲೇ ಆಗಬೇಕಿತ್ತು. ರಾಜಕೀಯ ಕೆಟ್ಟದ್ದರಿಂದ ಅದು 1971ರಲ್ಲಿ ಸ್ಪೇನಿನ ಬಾರ್ಸಿಲೋನಕ್ಕೆ ಹೋಯಿತು. 1973ರಲ್ಲಿ ಕೊಡಗಿನ ಎಂ.ಪಿ. ಗಣೇಶರ ನಾಯಕತ್ವದಲ್ಲಿ ನಮ್ಮವರು ಸೆಮಿಫೈನಲ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿ, ಅಂತಿಮ ಪಂದ್ಯವನ್ನು ಹಾಲೆಂಡಿಗೆ ಒಪ್ಪಿಸಿ ಬಂದರು. 1975ರ ಮಾರ್ಚ್ 15ರಂದು ಕೌಲಾಲಂಪುರದಲ್ಲಿ ಪಾಕಿಸ್ತಾನದ ಎದುರು 2–1ರಿಂದ ಗೆದ್ದಾಗ, ಧ್ಯಾನ್‌ಚಂದರ ಮಗ ಅಶೋಕ್ ಕುಮಾರ್ ಹೊಡೆದ ಗೋಲಿನ ಫಲವಾಗಿ ನಮ್ಮ ಕೈಗೆ ಬಂದ ಕಪ್ಪು ದಾಯಾದಿಗಳ ಮನೆಯ ಪಾತ್ರೆಯೇ. ಆ ತಂಡದಲ್ಲೂ ಕೊಡಗಿನ ಬಿ.ಪಿ. ಗೋವಿಂದ ಇದ್ದರೆಂಬುದು ನಮಗೆ ಹೆಮ್ಮೆಯ ಮಾತು.

ಈಗ ನನಗೆ ತಿಳಿದ ಒಬ್ಬ ಅಭಿಮಾನಿಯ ವಿಷಯ. ನಾನು ಕೆಲಸ ಮಾಡುವ ಬ್ಯಾಂಕಿಗೆ ಪ್ರತಿವರ್ಷ ನವೆಂಬರಿನಲ್ಲಿ, ಅಂದರೆ ಸರಿಯಾಗಿ ನಮ್ಮ ರಾಜ್ಯೋತ್ಸವದ ದಿನಗಳಲ್ಲೇ, ತಾವು ಬದುಕಿರುವುದಾಗಿ ರುಜು ಹಾಕಿಕೊಡಲು ಬರುವ ಪಿಂಚಣಿದಾರರಲ್ಲಿ ಕನ್ನಡದ ಹಿರಿಯರೊಬ್ಬರಿದ್ದಾರೆ. ಸೋಮವಾರಪೇಟೆ ಕಡೆಯವರು, 1974ರಲ್ಲಿ ಕೇಂದ್ರ ಸರ್ಕಾರದ ನೌಕರಿ ಹಿಡಿದು ದಿಲ್ಲಿಗೆ ಬಂದವರು. ಏಳನೆಯ ನಂಬರಿನ ಟೋಕನ್ ಸಿಕ್ಕಿದರೆ ಅದನ್ನು ಹಿಂದಿನವರಿಗೆ ಕೊಟ್ಟು ಎಂಟನೆಯದನ್ನು ಇಸಿದುಕೊಳ್ಳುತ್ತಾರೆ. ಆ ದೇಶದ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ, ‘ಅವರು’ ಎನ್ನುತ್ತಾರೆ. ಪಂದ್ಯದ ದಿನ ಮನೆಯಲ್ಲಿ ಹಸಿರು ಸ್ವೆಟರ್ ಹಾಕುವಂತಿಲ್ಲ.

“ಊರಿನಲ್ಲೂ ಹೀಗೇ ಇದ್ದಿರಾ ಸಾರ್?” ಎಂದು ಒಮ್ಮೆ ಕೇಳಿದೆ.

“ಊರಿನಲ್ಲಿ ನನಗೆ ಆಗದೇ ಇದ್ದದ್ದು ಪಕ್ಕದ ಊರಿನ ತಂಡ ಕಣಯ್ಯ. ಇದನ್ನು ಕಲಿತದ್ದು ಇಲ್ಲಿ, ಮನೆಯ ಮಾಲೀಕರ ಹತ್ತಿರ” ಎಂದರು.

ಅವರು ಬಾಡಿಗೆಗಿದ್ದುದು ಮಾಲವೀಯ ನಗರದಲ್ಲಿ. ಈಗ ಅದು ನಮ್ಮ ನೆರೆಯ ಬಡಾವಣೆಗಳಲ್ಲೊಂದಷ್ಟೆ. ಮೊದಲು ಅದು ಪಶ್ಚಿಮ ಪಂಜಾಬಿನಿಂದ ಓಡಿಬಂದ ನಿರಾಶ್ರಿತರಿಗಾಗಿ ಎದ್ದ ಬಡಾವಣೆ. ಮಾಲೀಕರು ಲಾಹೋರಿನವರು, ಕಾಲೇಜಿನಲ್ಲಿ ಹಾಕಿ ಆಡಿದವರು. ರೇಡಿಯೋದಲ್ಲಿ ಪಂದ್ಯದ ವರದಿ ಬರುತ್ತಿದ್ದರೆ ಎದುರಾಳಿ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಬಯ್ಯುವರು. ಯಾರು ಯಾವ ಊರು, ಯಾರ ಶಿಷ್ಯ ಎಂಬುದೆಲ್ಲ ಅವರಿಗೆ ಬಾಯಿಪಾಠ. 1982ರ ಜನವರಿಯಲ್ಲಿ ಮುಂಬಯಿಯಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ ನಡೆಯಿತು. ಭಾರತ ಅದರಲ್ಲಿರಲಿಲ್ಲ; ಪಾಕಿಸ್ತಾನ ಪಶ್ಚಿಮ ಜರ್ಮನಿಯನ್ನು 3–1ರಿಂದ ಸೋಲಿಸಿತು. ಮಾಲೀಕರು ಯಾರಿಗೂ ಕೇಳಿಸದ ಹಾಗೆ, ಕಪ್ಪು ಮನೆಯಲ್ಲೇ ಉಳಿಯಿತು ಬಿಡು ಎಂದರಂತೆ. ನಮ್ಮ ಹಿರಿಯರಿಗೆ ಅಂದು ಬಹಳ ಕೋಪ ಬಂತು. ಅದು ಸಹಜವೇ. ಕಳೆದುಕೊಂಡವನ ದ್ವೇಷದಲ್ಲಿ ನೆನಪು ಬೆರೆತಿರುತ್ತದೆ, ಅದಕ್ಕೊಂದು ಮಿತಿ ಇರುತ್ತದೆ. ಅವನಿಂದ ಎರವಲು ತಂದ ದ್ವೇಷಕ್ಕೆ ಆ ಮಿತಿ ಇಲ್ಲ. ದಕ್ಷಿಣದಿಂದ ಬಂದ ನಾವು ಈ ನಗರದಲ್ಲಿ ರಾಜ್ಮಾ ತಿನ್ನುವುದನ್ನು, ಲೋಹ್ಡಿಗೆ ಬೆಂಕಿ ಹಾಕುವುದನ್ನು ಕಲಿತಂತೆ ಇದನ್ನೂ ಕಲಿತೆವು. ಕಲಿಸಿದವರಿಗಿಂತ ಚೆನ್ನಾಗಿ ಕಲಿತೆವು.

ಅದೇ ವರ್ಷದ ಡಿಸೆಂಬರಿನಲ್ಲಿ ಏಷ್ಯಾಡಿನ ಅಂತಿಮ ಪಂದ್ಯ. ಸ್ಥಳ, ಇಂಡಿಯಾ ಗೇಟಿನ ಆಚೆಯ ರಾಷ್ಟ್ರೀಯ ಕ್ರೀಡಾಂಗಣ. ಅದನ್ನು ಬ್ರಿಟಿಷರ ಕಾಲದಲ್ಲಿ ಇರ್ವಿನ್ ಆಂಫಿಥಿಯೇಟರ್ ಎನ್ನುತ್ತಿದ್ದರು. 1951ರ ಮೊದಲ ಏಷ್ಯನ್ ಕೂಟವೂ ಅಲ್ಲೇ ನಡೆದದ್ದು. ಈಗ ಧ್ಯಾನ್‌ಚಂದರ ಹೆಸರಿದೆ. ಅಲ್ಲಿಂದ ಹೆಜ್ಜೆಯ ದೂರದಲ್ಲಿ ಪುರಾನಾ ಕಿಲಾ. 1947ರ ಗಲಭೆಗಳಲ್ಲಿ ಮನೆಮಠ ಬಿಟ್ಟ ದಿಲ್ಲಿಯ ಮುಸಲ್ಮಾನರು ಲಾಹೋರಿನ ರೈಲಿಗಾಗಿ ಕಾದದ್ದು ಆ ಕೋಟೆಯೊಳಗೆ. ಮೂವತ್ತೈದು ವರ್ಷಗಳ ಅನಂತರ ಆಚೆಯ ತಂಡ ಅದರ ಮಗ್ಗುಲಿಗೇ ಆಡಲು ಬಂದಿತ್ತು. ಪ್ರಧಾನಿ ಇಂದಿರಾ ಗಾಂಧಿಯವರು ಬಂದಿದ್ದರು. ನಮ್ಮ ಹಿರಿಯರು ಅರ್ಧ ದಿನದ ರಜೆ ಹಾಕಿ ಹೋಗಿದ್ದರು. ಮೊದಲ ಗೋಲು ನಮ್ಮವರದೇ. ಅದಾದ ಮೇಲಿನದನ್ನು ಅವರು ಇಂದಿಗೂ ವರ್ಣಿಸುವುದಿಲ್ಲ. ನಾಲ್ಕನೆಯ ಗೋಲಿನ ನಂತರ ಜನ ಎದ್ದು ಹೋಗತೊಡಗಿದರು, ತಾನು ಮಾತ್ರ ಹಟಕ್ಕೆ ಕೊನೆಯವರೆಗೂ ಕುಳಿತಿದ್ದೆ ಎಂದಷ್ಟೇ ಹೇಳುತ್ತಾರೆ. ಅದೇ ಕೂಟದಲ್ಲಿ ನಮ್ಮ ಹೆಣ್ಣುಮಕ್ಕಳ ತಂಡ ಹಾಕಿಯಲ್ಲಿ ಚಿನ್ನ ಗೆದ್ದಿತು. ಏಷ್ಯಾಡಿನಲ್ಲಿ ಮಹಿಳಾ ಹಾಕಿ ನಡೆದದ್ದು ಅದೇ ಮೊದಲು. ಅದನ್ನು ನೆನೆಯುವವರನ್ನು ನಾನು ಇನ್ನೂ ಕಂಡಿಲ್ಲ.

ದ್ವೇಷಕ್ಕೆ ಒಂದು ಕೆಟ್ಟ ಗುಣವುಂಟು. ಎದುರಾಳಿ ವಿಮಾನ ಹತ್ತಿ ಹೋದಮೇಲೆ ಅದು ಮನೆಯೊಳಗೇ ಆಹುತಿ ಹುಡುಕುತ್ತದೆ. ಅಂದು ಸಿಕ್ಕಿದವರು ನಮ್ಮ ಗೋಲ್‌ಕೀಪರ್ ಮೀರ್ ರಂಜನ್ ನೇಗಿ. ಹಣ ತಿಂದು ಗೋಲು ಬಿಟ್ಟುಕೊಟ್ಟನೆಂದರು, ದೇಶದ್ರೋಹಿ ಎಂದರು. ಯಾವ ಸಾಕ್ಷಿಯೂ ಇರಲಿಲ್ಲ; ಅಂಕಿಯೇ ಸಾಕ್ಷಿ. ಸಮಾಧಾನದಿಂದ ಯೋಚಿಸಿದ್ದರೆ ಉತ್ತರ ಎದುರಿಗೇ ಇತ್ತು: ಅಂದು ಬಂದಿದ್ದುದು ಹನ್ನೊಂದು ತಿಂಗಳ ಹಿಂದೆ ಮುಂಬಯಿಯಲ್ಲಿ ವಿಶ್ವಕಪ್ ಗೆದ್ದ ತಂಡ, ಎರಡು ವರ್ಷಗಳ ಬಳಿಕ ಲಾಸ್ ಏಂಜಲೀಸಿನಲ್ಲಿ ಒಲಿಂಪಿಕ್ ಚಿನ್ನ ಗೆಲ್ಲಲಿದ್ದ ತಂಡ. ಹಸನ್ ಸರ್ದಾರ್, ಕಲೀಮುಲ್ಲಾ, ಹನೀಫ್ ಖಾನ್ ಒಟ್ಟಿಗೆ ನುಗ್ಗಿ ಬಂದರೆ ಒಬ್ಬ ಗೋಲ್‌ಕೀಪರ್ ಏನು ಮಾಡಿಯಾನು? ಆದರೆ ‘ಅವರು ಚೆನ್ನಾಗಿ ಆಡಿದರು’ ಎಂಬ ಮೂರು ಶಬ್ದಗಳನ್ನು ಉಚ್ಚರಿಸುವುದಕ್ಕಿಂತ ನಮ್ಮವನನ್ನೇ ಕಳ್ಳನೆನ್ನುವುದು ಜನಕ್ಕೆ ಸುಲಭವಾಗಿ ಕಂಡಿತು. ಆ ಕಳಂಕ ಹೊತ್ತುಕೊಂಡೇ ಬದುಕಿದ ನೇಗಿ, 1998ರಲ್ಲಿ ಬ್ಯಾಂಕಾಕಿಗೆ ಗೋಲ್‌ಕೀಪರುಗಳ ತರಬೇತಿದಾರರಾಗಿ ತಂಡದೊಡನೆ ಹೋದರು. ಅಲ್ಲಿ ಬೆಂಗಳೂರಿನ ಆಶಿಷ್ ಬಲ್ಲಾಳ್ ಅಂತಿಮ ಪಂದ್ಯದ ಟೈಬ್ರೇಕರಿನಲ್ಲಿ ಕೊರಿಯನ್ನರನ್ನು ತಡೆದು ಗೆಲ್ಲಿಸಿ, ಮೂವತ್ತೆರಡು ವರ್ಷಗಳ ಮೇಲೆ ಏಷ್ಯಾಡಿನ ಚಿನ್ನ ಬಂತು. 2007ರ ‘ಚಕ್ ದೇ ಇಂಡಿಯಾ’ ಚಿತ್ರದ ಹುಡುಗಿಯರಿಗೆ ಹಾಕಿ ಕಲಿಸಿದವರೂ ಇವರೇ. ಅಂದು ಕ್ರೀಡಾಂಗಣದಿಂದ ಹಿಂತಿರುಗುವಾಗ ಬಸ್ಸಿನಲ್ಲಿ ಎಲ್ಲರ ಜೊತೆ ತಾವೂ ನೇಗಿಯನ್ನು ಬೈದದ್ದಾಗಿ ನಮ್ಮ ಹಿರಿಯರು ಹೇಳಿದರು. ಹೇಳಿ ಸ್ವಲ್ಪ ಹೊತ್ತು ಪಾಸ್‌ಬುಕ್ಕಿನ ಹಾಳೆ ತಿರುವುತ್ತಿದ್ದರು.

ಬ್ಯಾಂಕಿನ ಗುಮಾಸ್ತನಿಗೆ ಎಲ್ಲವೂ ಜಮಾ ಖರ್ಚಾಗಿ ಕಾಣುವುದು ಸ್ವಭಾವ. 1982ರಲ್ಲಿ ಆ ಮೈದಾನದಲ್ಲಿ ನಮ್ಮ ಖಾತೆಗೆ ಬಿದ್ದ ಖೋತ ಆರು ಗೋಲು. 2010ರ ಫೆಬ್ರವರಿ 28ರಂದು ವಿಶ್ವಕಪ್ಪಿನಲ್ಲಿ, ಅದೇ ಕ್ರೀಡಾಂಗಣದಲ್ಲಿ, ಭಾರತ ಪಾಕಿಸ್ತಾನವನ್ನು 4–1ರಿಂದ ಸೋಲಿಸಿತು; ಮೂರು ಜಮಾ. ಅದೇ ವರ್ಷ ಅಕ್ಟೋಬರ್ 10ರಂದು ಕಾಮನ್‌ವೆಲ್ತ್ ಕೂಟದಲ್ಲಿ 7–4, ಮತ್ತೆ ಮೂರು. ಲೆಕ್ಕ ಚುಕ್ತಾ! ಎರಡೂ ತಂಡಗಳಲ್ಲಿ ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ಇದ್ದುದರಿಂದ ನಮ್ಮ ಹಿರಿಯರ ಸಂತೋಷಕ್ಕೆ ಬಡ್ಡಿಯೂ ಸೇರಿತು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ನಾಲ್ಕೇ ದಿನ ಕಳೆದು, ಅಕ್ಟೋಬರ್ 14ರಂದು, ಅದೇ ಕೂಟದ ಅಂತಿಮ ಪಂದ್ಯದಲ್ಲಿ, ಅದೇ ಮೈದಾನದಲ್ಲಿ, ಆಸ್ಟ್ರೇಲಿಯ ನಮ್ಮನ್ನು 8–0ರಿಂದ ಸೋಲಿಸಿತು. ಏಳು–ಒಂದಕ್ಕಿಂತ ದೊಡ್ಡ ಸೋಲು! ವಾಚಕರಲ್ಲಿ ಎಷ್ಟು ಮಂದಿಗೆ ಅದರ ನೆನಪಿದೆ? ಅಂದಿನ ಗೋಲ್‌ಕೀಪರನನ್ನು ಯಾರೂ ದ್ರೋಹಿ ಎನ್ನಲಿಲ್ಲ. ಎಂಟನೆಯ ನಂಬರಿನ ಟೋಕನ್ ಬೇಡವೆಂದವರನ್ನೂ ನಾನು ಕಂಡಿಲ್ಲ. ಆಸ್ಟ್ರೇಲಿಯನ್ನರು ನಮ್ಮ ದಾಯಾದಿಗಳಲ್ಲವಲ್ಲ.

ಈಚೆಗೆ ಪರಿಸ್ಥಿತಿ ಬೇರೆಯಾಗಿದೆ. ನಾಲ್ಕು ಬಾರಿ ವಿಶ್ವಕಪ್, ಮೂರು ಬಾರಿ ಒಲಿಂಪಿಕ್ ಚಿನ್ನ ಗೆದ್ದ ಪಾಕಿಸ್ತಾನ 2016, 2020, 2024ರ ಮೂರು ಒಲಿಂಪಿಕ್ಸ್‌ಗೂ ಅರ್ಹತೆ ಪಡೆಯಲಿಲ್ಲ. 2025ರಲ್ಲಿ ಬಿಹಾರದ ರಾಜಗಿರದಲ್ಲಿ ನಡೆದ ಏಷ್ಯಾ ಕಪ್ಪಿಗೆ ಅವರು ಬರಲೇ ಇಲ್ಲ. ಅವರ ಜಾಗದಲ್ಲಿ ಬಾಂಗ್ಲಾದೇಶ ಆಡಿತು. ನಾವು ಕೊರಿಯವನ್ನು 4–1ರಿಂದ ಸೋಲಿಸಿ ಕಪ್ ಗೆದ್ದೆವು. ಗೆದ್ದ ಮರುದಿನ ನಮ್ಮ ಹಿರಿಯರು ಯಾವುದೋ ಠೇವಣಿಯ ಕೆಲಸಕ್ಕೆ ಬಂದಿದ್ದರು. ಅಭಿನಂದನೆ ಹೇಳಿದೆ. “ಹೂಂ, ಗೆದ್ದರು” ಎಂದರಷ್ಟೆ, ರೊಟ್ಟಿಗೆ ಉಪ್ಪು ಕಡಮೆಯಾದವರ ಹಾಗೆ.

ಹಾಂಗ್‌ಝೌ ಏಷ್ಯಾಡಿನ ಪಂದ್ಯದ ದಿನ, 2023ರ ಸೆಪ್ಟೆಂಬರ್ 30ರಂದು, ನಾನು ಅವರ ಮನೆಯಲ್ಲೇ ಇದ್ದೆ. ಮೊಮ್ಮಕ್ಕಳು ಎಣಿಸುತ್ತಿದ್ದರು. ಐದು, ಆರು. ಏಳನೆಯ ಗೋಲು ಬಿದ್ದಾಗ ಹಿರಿಯರು ಕುರ್ಚಿಯಿಂದೆದ್ದು ನಿಂತು, ಎರಡು ಕೈಯನ್ನೂ ಜೋಡಿಸಿ, ಕಣ್ಣು ಮುಚ್ಚಿಕೊಂಡರು. ಎಂಟು ಬಿತ್ತು. ಒಂಬತ್ತೂ ಬಿತ್ತು. ಮಕ್ಕಳ ಕೂಗು ಮಹಡಿ ಹಾರಿಹೋಗುವಂತಿತ್ತು. ಟೆಲಿವಿಷನ್ನಿನಲ್ಲಿ ಅವರ ಗೋಲ್‌ಕೀಪರನ ಮುಖ ಒಂದು ಕ್ಷಣ ಕಂಡಿತು.

“ಶಬ್ದ ಕಡಮೆ ಮಾಡ್ರೋ,” ಎಂದರು ಹಿರಿಯರು. “ಆ ಹುಡುಗ ಯಾರೋ ಪಾಪ, ನಾಳೆ ಊರಿಗೆ ಹೋಗಬೇಕಲ್ಲ.”

ಹತ್ತನೆಯದೂ ಬಿತ್ತು. ಪಂದ್ಯ 10–2ರಲ್ಲಿ ಮುಗಿಯಿತು. ಅವರು ಅಷ್ಟರೊಳಗೆ ಅಡಿಗೆಮನೆಗೆ ಹೋಗಿ ನಮಗೆಲ್ಲ ಕಾಫಿ ಹೇಳುತ್ತಿದ್ದರು.