ತಂತಿಯ ಕೆಳಗಿನ ಕತ್ತಲೆ

ಕನ್ನಡ ಪಾಠ ಹೇಳುವ ನನಗೆ ವಿದ್ಯುತ್ತಿನ ಮೇಲಿರುವ ಅಧಿಕಾರ ಗುಂಡಿ ಒತ್ತುವಷ್ಟಕ್ಕೇ ಸೀಮಿತವಾದದ್ದು. ಆದರೆ ಆ ಗುಂಡಿಯ ಸುತ್ತ ಬೆಳೆದಿರುವ ಮಾತುಗಳು ನನ್ನ ಕಸುಬಿಗೆ ಸೇರಿದುವು. ಬೆಂಕಿಯ ಸುಳಿವೇ ಇಲ್ಲದಿದ್ದರೂ ನಾವು ಇಂದಿಗೂ ದೀಪವನ್ನು ‘ಹಚ್ಚು’ತ್ತೇವೆ, ‘ಆರಿಸು’ತ್ತೇವೆ. ಮುಸ್ಸಂಜೆಯಲ್ಲಿ ಬಲ್ಬು ಬೆಳಗಿದೊಡನೆ ಅದಕ್ಕೂ ಕೈಮುಗಿಯುವ ಹಿರಿಯರು ಎಷ್ಟೋ ಮನೆಗಳಲ್ಲಿದ್ದಾರೆ. ದೇವರ ಮುಂದಿನ ದೀಪವನ್ನು ‘ಆರಿಸು’ ಎನ್ನಲು ಅಳುಕಿ ‘ಶಾಂತ ಮಾಡು’ ಎನ್ನುವ ತಾಯಂದಿರೇ ‘ಕರೆಂಟು ಹೋಯಿತು’ ಎಂದು ಮಾತ್ರ ಧಾರಾಳವಾಗಿ ಹೇಳಿಬಿಡುತ್ತಾರೆ; ಹೋದದ್ದು ಮತ್ತೆ ಬಂದೀತೆಂಬ ನಂಬಿಕೆ! ಹೀಗೆ ನಾವು ದೇವರ ಪಕ್ಕದಲ್ಲೇ ಜಾಗ ಕೊಟ್ಟಿರುವ ಈ ಬೆಳಕು ನಮ್ಮ ನಾಡಿನಲ್ಲಿ ಮೊದಲು ಹೊರಟದ್ದು ಮಾತ್ರ ಮನೆಗಳ ಕಡೆಗಲ್ಲ, ಚಿನ್ನದ ಕಡೆಗೆ.

ಕೋಲಾರದ ಗಣಿಗಳಲ್ಲಿ ಯಂತ್ರಗಳನ್ನು ನಡೆಸಲು ಉಗಿಶಕ್ತಿ ಬೇಕಾಗಿತ್ತು. ಅದಕ್ಕೆ ತಗಲುತ್ತಿದ್ದ ಉರುವಲಿನ ವೆಚ್ಚ ದೊಡ್ಡದು. ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯಿಂದ ಆ ಶಕ್ತಿಯನ್ನು ಪಡೆಯಬಹುದೆಂಬ ಯೋಜನೆಯನ್ನು ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ರೂಪಿಸಿದರು; ದಿವಾನ್ ಶೇಷಾದ್ರಿ ಅಯ್ಯರ್ ಅದಕ್ಕೆ ಬೆನ್ನಾಗಿ ನಿಂತರು. 1902ರ ಜೂನ್ 30ರಂದು ಪ್ರವಾಹ ಹರಿಯಿತು. ಭಾರತದಲ್ಲಿ ಇದೇ ಮೊದಲ ಜಲವಿದ್ಯುತ್ತೆಂದು ನಮ್ಮವರು ಅಭಿಮಾನದಿಂದ ಹೇಳುವುದುಂಟು. ಡಾರ್ಜಿಲಿಂಗ್ ನಮಗಿಂತ ಮುಂದಿತ್ತು. ಅಲ್ಲಿ 1897ರಲ್ಲಿಯೇ ನೀರಿನಿಂದ ದೀಪ ಬೆಳಗಿತ್ತು. ಶಿವನಸಮುದ್ರದ ಹೆಚ್ಚುಗಾರಿಕೆಯಿರುವುದು ದೂರದಲ್ಲಿ. ಗಣಿಯವರೆಗೆ ಎಳೆದ ತಂತಿ 92 ಮೈಲಿ, ಎಂದರೆ ಸುಮಾರು 148 ಕಿಲೋಮೀಟರು. ಅದು ಆ ಕಾಲದ ಜಗತ್ತಿನ ಅತ್ಯಂತ ಉದ್ದನೆಯ ವಿದ್ಯುತ್ ಮಾರ್ಗಗಳಲ್ಲೊಂದು. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಮಾತ್ರ ಶೇಷಾದ್ರಿ ಅಯ್ಯರಿಗೆ ಒದಗಲಿಲ್ಲ. ಅವರು 1901ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡಿದ್ದರು.

ಆ ಪ್ರವಾಹದ ಗುಣದಲ್ಲಿಯೇ ಅದು ಯಾರಿಗಾಗಿ ಹುಟ್ಟಿತೆಂಬ ಗುರುತು ಇತ್ತು. ಇಂದು ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಶಿವನಸಮುದ್ರದ್ದು 25 ಆವರ್ತದ್ದಾಗಿತ್ತು. ದೊಡ್ಡ ದೊಡ್ಡ ಮೋಟಾರುಗಳಿಗೆ ಅಷ್ಟು ನಿಧಾನದ ಗತಿ ಹಿತ. ದೀಪಕ್ಕೆ ಮಾತ್ರ ಅದು ಒಗ್ಗದು. ಬೆಳಕು ನಡುಗಿದಂತೆ ಕಾಣುತ್ತದೆ. ಅದಿರನ್ನು ಮೇಲೆತ್ತಿ ಕುಟ್ಟುವ ಯಂತ್ರಕ್ಕೆ ತಕ್ಕಂತೆ ಪ್ರವಾಹವನ್ನು ಹೊಂದಿಸಿದ್ದರು, ಓದುವ ಹುಡುಗನ ಕಣ್ಣಿಗೆ ತಕ್ಕಂತೆ ಅಲ್ಲ.

ಗಣಿಯ ಹಿಂದೆ ಪಟ್ಟಣಗಳ ಸರದಿ ಬಂದಿತು. ಬೆಂಗಳೂರಿನ ಬೀದಿಗಳಲ್ಲಿ 1905ರ ಆಗಸ್ಟಿನಲ್ಲಿ ವಿದ್ಯುದ್ದೀಪ ಬೆಳಗಿತು. ಮೈಸೂರಿಗೆ 1908ರಲ್ಲಿ ಬಂದಿತು. ಆದರೆ ತಂತಿ ಯಾರ ಹೊಲಗಳ ಮೇಲೆ ಹಾದುಹೋಗಿತ್ತೋ ಆ ರೈತರ ಮನೆಗಳಲ್ಲಿ ಉರಿಯುತ್ತಿದ್ದುದು ಎಣ್ಣೆಯ ಬುಡ್ಡಿಯೇ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಮ್ಮ ಹಿರಿಯರು ಹಣತೆಯನ್ನು ನೋಡಿ ಕಟ್ಟಿದರು. ಅದಕ್ಕೆ ಕರೆಂಟಿನ ಕಾಲದಲ್ಲಿ ಇಷ್ಟು ದೊಡ್ಡ ಉದಾಹರಣೆ ಸಿಕ್ಕೀತೆಂದು ಅವರು ಊಹಿಸಿರಲಾರರು. ಬಡವರ ಗುಡಿಸಲಿಗೆ ಒಂದೊಂದು ಬಲ್ಬನ್ನಾದರೂ ಕೊಡಬೇಕೆಂದು ಕರ್ನಾಟಕ ಸರ್ಕಾರ ‘ಭಾಗ್ಯಜ್ಯೋತಿ’ ಯೋಜನೆಯನ್ನು ತಂದದ್ದು 1979ರಲ್ಲಿ, ಮೊದಲ ತಂತಿ ಎಳೆದ 77 ವರ್ಷಗಳ ಮೇಲೆ. ಆ ಹೆಸರನ್ನೇ ನೋಡಿ: ಪಟ್ಟಣದವರಿಗೆ ಬಿಲ್ಲು ಕಟ್ಟಿ ಪಡೆಯುವ ಸೌಕರ್ಯವಾಗಿದ್ದದ್ದು ಗುಡಿಸಲಿನವರಿಗೆ ‘ಭಾಗ್ಯ’ವಾಗಿತ್ತು!

ಕೋಲಾರದ ಗಣಿಯನ್ನು 2001ರ ಫೆಬ್ರವರಿಯಲ್ಲಿ ಮುಚ್ಚಿದರು. ಯಾವ ಚಿನ್ನಕ್ಕಾಗಿ ಕಾವೇರಿಯನ್ನು ಯಂತ್ರಕ್ಕೆ ಹೂಡಿದರೋ ಆ ಚಿನ್ನದ ಕಥೆ ಮುಗಿಯಿತು. ಶಿವನಸಮುದ್ರದ ಯಂತ್ರಾಗಾರ ಅದರ ಮೇಲೂ ಕೆಲಸ ಮಾಡುತ್ತಲೇ ಇತ್ತು. ಚರಿತ್ರೆಯ ಪುಸ್ತಕಗಳು ದಿವಾನರನ್ನೂ ಎಂಜಿನಿಯರನ್ನೂ ನೆನೆಯುತ್ತವೆ, ನೆನೆಯಲೇಬೇಕು. ತಲೆಯ ಮೇಲೆ ಹರಿದು ಹೋಗುತ್ತಿದ್ದ ಬೆಳಕನ್ನು ನೋಡುತ್ತ ಬುಡ್ಡಿಗೆ ಎಣ್ಣೆ ಹೊಯ್ದುಕೊಂಡವರಿಗೂ ಅಲ್ಲಿ ಒಂದು ಸಾಲು ಸಲ್ಲಬೇಕು.