ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ

ಹಾಡುವವರಿಗೂ ನುಡಿಸುವವರಿಗೂ ಆಧಾರ ಷಡ್ಜವನ್ನು ಎಡೆಬಿಡದೆ ಒದಗಿಸುವ ವಿದ್ಯುತ್ ವಾದ್ಯ. ಆಡುಮಾತಿನಲ್ಲಿ ‘ಶ್ರುತಿ ಬಾಕ್ಸ್’. ತಂತಿ, ತಿದಿಗಳ ಹಂಗಿಲ್ಲದೆ ಬರಿಯ ಸರ್ಕಿಟ್‌ನಿಂದಲೇ ನಾದ ಹುಟ್ಟಿಸುತ್ತಿದ್ದ ಇದರ ಮೊದಲ ಮಾದರಿಗಳು ಅನಲಾಗ್ ಸಿಂಥೆಸೈಜರ್‌ನ ಹತ್ತಿರದ ದಾಯಾದಿಗಳು. ಕನ್ನಡನಾಡಿನ ಮನೆಮನೆಗೆ ಬಂದ ಸಿಂಥೆಸೈಜರ್ ಯಾವುದೆಂದರೆ ಇದನ್ನೇ ಹೆಸರಿಸಬೇಕು.

ಮೂಗ್ ಕಂಪನಿಯ ಸಿಂಥೆಸೈಜರ್ 1969ರಲ್ಲೇ ಭಾರತಕ್ಕೆ ಬಂದಿತ್ತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನು ಅಣಿಗೊಳಿಸಿದರು. ಅಲ್ಲಿ ಧ್ವನಿಮುದ್ರಿಸಿದ ಟೇಪುಗಳು ದಶಕಗಳ ಕಾಲ ಕಪಾಟಿನಲ್ಲೇ ಉಳಿದವು. ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲಂಡ್ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ನುಡಿಸಿದ ಧ್ವನಿಮುದ್ರಿಕೆಯೂ ಆಗ ಹೆಚ್ಚು ಜನರನ್ನು ತಲುಪಲಿಲ್ಲ. ಇಂದು ಸಂಗ್ರಾಹಕರು ಅದನ್ನು ಹುಡುಕಿಕೊಂಡು ಅಲೆಯುತ್ತಾರೆ. ಇವೆಲ್ಲ ಮನೆಮನೆಯ ಬಳಕೆಗೆ ಇಳಿಯದ ಪ್ರಯೋಗಗಳು.

ಬೆಂಗಳೂರಿನಲ್ಲಿ ನಡೆದದ್ದು ಬೇರೆ. ಕೊಳಲು ನುಡಿಸುತ್ತಿದ್ದ ಎಂಜಿನಿಯರ್ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿ, ಅದೇ ವರ್ಷ ಸಂಗೀತ ಸಮ್ಮೇಳನವೊಂದರಲ್ಲಿ ತೋರಿಸಿದರು. ಅವರ ರಾಡೆಲ್ ಸಂಸ್ಥೆ ಮುಂದೆ ‘ತಾಲಮಾಲಾ’ ಎಂಬ ಎಲೆಕ್ಟ್ರಾನಿಕ್ ತಬಲಾವನ್ನೂ ತಂದಿತು. ಮೊದಲ ಪೆಟ್ಟಿಗೆಗಳು ಭಾರವಾಗಿದ್ದವು, ಜಾಗವನ್ನೂ ಹೆಚ್ಚು ತಿನ್ನುತ್ತಿದ್ದವು. ಆದರೆ ಪಕ್ಕದಲ್ಲಿ ಕೂತು ತಂಬೂರಿ ಮೀಟಲು ಯಾರೂ ಸಿಗದ ವಿದ್ಯಾರ್ಥಿಗೆ ಒಂಟಿಯಾಗಿ ಸಾಧನೆ ಮಾಡುವ ಸ್ವಾತಂತ್ರ್ಯ ಸಿಕ್ಕಿದ್ದು ಅವುಗಳಿಂದಲೇ. ಈ ಉಪಕಾರ ಸಣ್ಣದಲ್ಲ.

ಅನಲಾಗ್ ಪೆಟ್ಟಿಗೆಯ ಒಳಗೆ ಆಂದೋಲಕ ಸರ್ಕಿಟ್‌ಗಳಿರುತ್ತವೆ. ಷಡ್ಜ, ಪಂಚಮ, ತಾರಷಡ್ಜಗಳ ಕಂಪನಗಳು 2:3:4ರ ಅನುಪಾತದಲ್ಲಿ ಕೂಡಿದಾಗ ಶ್ರುತಿ ನಿಲ್ಲುತ್ತದೆ. ತಂಬೂರಿ ಮಾದರಿಯಲ್ಲಿ ಪ್ರತಿ ನಾದವೂ ಥಟ್ಟನೆ ಎದ್ದು ಮೆಲ್ಲಗೆ ಇಳಿಯಬೇಕು. ಮೂಗ್ ಯಂತ್ರವೂ ನಾದಕ್ಕೆ ಏರಿಳಿತ ಕೊಡುವುದು ಹೀಗೆಯೇ. ಹಿಂದೋಳ, ಶ್ರೀರಂಜನಿಯಂಥ ಪಂಚಮವಿಲ್ಲದ ರಾಗ ಹಾಡುವಾಗ ನಾಬ್ ತಿರುಗಿಸಿ ಮಧ್ಯಮಕ್ಕೆ ತರುತ್ತಾರೆ. ಬಿಸಿಯೇರಿದಂತೆ ಹಳೆಯ ಸರ್ಕಿಟ್‌ಗಳ ಶ್ರುತಿ ಕೊಂಚ ಜಾರುತ್ತಿತ್ತು. ಹಾಡುವವರು ನಡುವೆ ಕೈಚಾಚಿ, ಕಿವಿಗೊಟ್ಟು, ಕೂದಲೆಳೆಯಷ್ಟು ತಿರುಗಿಸಿ ಸರಿಮಾಡಿಕೊಳ್ಳುತ್ತಿದ್ದರು. ಆ ತಿದ್ದುವಿಕೆಯೇ ಒಂದು ಶ್ರುತಿಪಾಠ.

ಉಡುಪಿ ಸೀಮೆಯಲ್ಲಿ ಈ ವಾದ್ಯದ ಹಿಂದೆ ಯಕ್ಷಗಾನದ ಉದ್ದದ ಚರಿತ್ರೆಯಿದೆ. ಹಿಂದೆ ಭಾಗವತರಿಗೆ ಶ್ರುತಿ ಕೊಡುತ್ತಿದ್ದದ್ದು ಸೋರೆ ಬುರುಡೆಯ ಪುಂಗಿ. ಆಮೇಲೆ ಹಾರ್ಮೋನಿಯಂ ಬಂತು. ರಾಗ ನುಡಿಸಲಿಕ್ಕಲ್ಲ, ಒಂದೆರಡು ಮನೆ ಒತ್ತಿಹಿಡಿದು ರಾತ್ರಿಯಿಡೀ ತಿದಿ ಆಡಿಸಲಿಕ್ಕೆ. ಶ್ರುತಿಯನ್ನು ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಎಂದು ಅದರ ಮನೆಗಳಿಂದಲೇ ಕರೆಯುವ ರೂಢಿ ಬಂದದ್ದೂ ಹಾಗೆಯೇ. ಹಾರ್ಮೋನಿಯಂ ಹೋಗಿ ಶ್ರುತಿಪೆಟ್ಟಿಗೆ ಬಂದಲ್ಲೂ ಆ ಹೆಸರುಗಳು ಉಳಿದಿವೆ. ಅಂಬಲಪಾಡಿಯ ಶ್ರೀ ಲಕ್ಷ್ಮೀಜನಾರ್ದನ ಯಕ್ಷಗಾನ ಕಲಾ ಮಂಡಳಿಯಂಥ ಹವ್ಯಾಸಿ ಸಂಘಗಳಿರುವ ಈ ಊರುಗಳಲ್ಲಿ ಶ್ರುತಿ ಹಿಡಿಯಲು ಒಬ್ಬರು ಕಡಿಮೆಯಾದರೂ ತಾಳಮದ್ದಳೆಗೆ ಕೂರಬಹುದು ಎಂಬುದು ದೊಡ್ಡ ಅನುಕೂಲ. ಆಟಿ ತಿಂಗಳ ಮಳೆಗೆ ಮರ ಹಿಗ್ಗುತ್ತದೆ, ಹಾರ್ಮೋನಿಯಂನ ತಿದಿಗೆ ತೇವ ಹಿಡಿಯುತ್ತದೆ. ಪೆಟ್ಟಿಗೆಗೆ ಆ ತಾಪತ್ರಯ ಕಡಿಮೆ. ಆದರೂ ಒಂದು ನಷ್ಟ ಹೇಳಲೇಬೇಕು. ಶ್ರುತಿ ಹಿಡಿದು ಕೂತ ಹುಡುಗ ಇರುಳೆಲ್ಲ ಪದ ಕೇಳಿ ಕೇಳಿ ಹಿಮ್ಮೇಳಕ್ಕೆ ಪಳಗುವ ದಾರಿಯೊಂದು ಕಿರಿದಾಯಿತು.

ಮುಂದೆ ಡಿಜಿಟಲ್ ಸರ್ಕಿಟ್ ಬಂದು ಶ್ರುತಿ ಜಾರುವುದು ನಿಂತಿತು. ನಿಜವಾದ ತಂಬೂರಿಯ ಧ್ವನಿಮುದ್ರಣವನ್ನೇ ಚಿಪ್‌ನಲ್ಲಿಟ್ಟ ಮಾದರಿಗಳು ಬಂದವು. ಈಗ ಮೊಬೈಲ್ ಆ್ಯಪ್ ಸಾಕು. ತಂಬೂರಿಯ ತಂತಿಯಡಿ ಇಡುವ ಜೀವಾಳದ ಎಳೆ ಎಬ್ಬಿಸುವ ಝೇಂಕಾರದಲ್ಲಿ ಇವು ಹಳೆಯದನ್ನು ಮೀರಿಸಿವೆ, ಅದರಲ್ಲಿ ಅನುಮಾನವಿಲ್ಲ. ಆದರೆ ವಿದೇಶದ ಮೂಗ್, ರೋಲಂಡ್ ಯಂತ್ರಗಳನ್ನು ಹುಡುಕಿ, ರಿಪೇರಿ ಮಾಡಿ ಕಾಪಾಡುವ ಹವ್ಯಾಸಿಗಳಿರುವಂತೆ ನಮ್ಮ ಪೆಟ್ಟಿಗೆಗೂ ಹವ್ಯಾಸಿಗಳು ಬೇಕು. ಕೆಪಾಸಿಟರ್ ಒಣಗಿದ್ದರೆ, ನಾಬ್ ಸವೆದಿದ್ದರೆ ಬದಲಿಸಬಹುದು. ಬಿಡಿಭಾಗಗಳು ಇಂದಿಗೂ ಪೇಟೆಯಲ್ಲಿ ಸಿಗುತ್ತವೆ. ನಿಮ್ಮ ಅಟ್ಟದ ಮೇಲೆ ಅಂಥದೊಂದಿದ್ದರೆ ಗುಜರಿಗೆ ಹಾಕಬೇಡಿ. ಯಾವ ವರ್ಷ ಕೊಂಡದ್ದು, ಯಾವ ಶ್ರುತಿಗೆ ಯಾರು ಹಾಡಿದ್ದು ಎಂದು ಚೀಟಿ ಬರೆದು ಪೆಟ್ಟಿಗೆಯೊಳಗೇ ಇಡಿ.